ಅಸೂಟಿಯ ಬಸ್ಸಿನ ಬೋರ್ಡು

ಅದು ೨೦೨೨ನೆಯ ಇಸವಿ. ನನಗಾಗ ಐವತ್ತೊಂದು ವರ್ಷ. ಬಹುಕಾಲ ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸಿದ ಬಳಿಕ, ಓದಿನಲ್ಲಿ ತೊಡಕಿರುವ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ನಾನಾಗಿಯೇ ಕೇಳಿ ಪಡೆದಿದ್ದೆ. ರೋಣದ ಸುತ್ತಲಿನ ಊರುಗಳಿಗೆ ಸರದಿಯ ಪ್ರಕಾರ ಹೋಗುತ್ತಿದ್ದೆ. ಅಸೂಟಿಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಪಾಲಿಗೆ ಬಂದಳು. ಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ಇನ್ನೂ ಚುರುಕು. ಬಿಡಿ ಅಕ್ಷರಗಳನ್ನು ಬಲ್ಲಳು. ಅವು ಕೂಡಿ ಪದವಾದೊಡನೆ ಅವಳ ಕಣ್ಣು ದಾರಿ ತಪ್ಪುತ್ತಿತ್ತು.

ಅವಳ ತಾಯಿಯದು ಬಳೆಯ ಅಂಗಡಿ. ಮೊದಲ ಭೇಟಿಯಲ್ಲಿಯೇ ಅವರು ತಮ್ಮ ಷರತ್ತನ್ನು ಹೇಳಿಬಿಟ್ಟರು.

"ಎಂಟನೇ ಕ್ಲಾಸಿಗೆ ರೋಣಕ್ಕ ಹೋಗಬೇಕ್ರಿ ಸರ. ಹ್ವಾದ ವರ್ಷ ರೋಣದ ಸ್ಟ್ಯಾಂಡಿನ್ಯಾಗ ಯಾರನ್ನೋ ಕೇಳಿ ಬಸ್ ಹತ್ತಿ, ನರಗುಂದ ಮುಟ್ಟಿ ಅಳಕೋತ ಕುಂತಿದ್ಲು. ಬೋರ್ಡ್ ತಾನ ಓದಿದ್ರ ಸಾಲಿ. ಇಲ್ಲಂದ್ರ ನನ್ನ ಜೋಡಿ ಅಂಗಡ್ಯಾಗ ಕೂಡ್ರಲಿ."

"ನಾ ಸಾಲಿಗೇ ಹೋಗಾಕಿ," ಎಂದಳು ಹುಡುಗಿ, ನೆಲ ನೋಡುತ್ತ.

ಶಾಲೆಯಲ್ಲಿ ಒಂದು ಟ್ಯಾಬ್ ಇತ್ತು. ಬೋರ್ಡುಗಳ ಫೋಟೊ ತೆಗೆದು, ಮುಟ್ಟಿದರೆ ಹೆಸರು ಕೇಳಿಸುವಂತೆ ಪ್ರತಿಯೊಂದಕ್ಕೂ ನನ್ನ ಧ್ವನಿಯನ್ನು ಸೇರಿಸಿದೆ. ಅಸೂಟಿ, ಗಜೇಂದ್ರಗಡ, ನರಗುಂದ, ಬೆಳವಣಕಿ, ರೋಣ. ಅಕಾರಾದಿ ಕ್ರಮ ತಪ್ಪಿಸುವುದು ನನ್ನಿಂದಾಗದ ಕೆಲಸ. ಅಕ್ಷರ ಬಿಡಿಬಿಡಿಯಾಗಿ ಕೇಳಲೆಂದು ವೇಗ ತಗ್ಗಿಸಿದರೆ ಅವಳಿಗೆ ನಗು.

"ಸರ, ಇದ್ರಾಗ ನೀವು ತೂಕಡಿಸ್ಕೋತ ಪಾಠ ಹೇಳಿದ್ಹಂಗ ಐತ್ರಿ."

ತಿಂಗಳೊಪ್ಪತ್ತಿನಲ್ಲಿ ಐದೂ ಹೆಸರುಗಳು ತಡೆಯಿಲ್ಲದೆ ಬಂದವು. ಸಂತೋಷದಿಂದ ತಾಯಿಯನ್ನು ಕರೆಸಿದೆ. ಮಗಳು ಒಪ್ಪಿಸಿದ್ದನ್ನು ಕೇಳಿ, ಅವರು ಟ್ಯಾಬ್ ತೆಗೆದುಕೊಂಡು ಬೆಳವಣಕಿಯ ಬೋರ್ಡನ್ನು ಮೊದಲು ತೋರಿಸಿದರು.

"ಅಸೂಟಿ," ಎಂದಳು ಹುಡುಗಿ.

"ಬಸ್ಸು ಹಿಂಗ ಸಾಲ್ಹಿಡಿದು ಬರ್ತಾವೇನ್ರಿ ಸರ?" ಎಂದು ತಾಯಿ ಕೇಳಿದರು. ಆಗ ನನಗೆ ಹೊಳೆಯಿತು. ಅವಳು ಓದಿರಲಿಲ್ಲ, ನನ್ನ ಕ್ರಮವನ್ನು ಬಾಯಿಪಾಠ ಮಾಡಿದ್ದಳು.

ಅಲ್ಲಿಂದ ವಿಧಾನ ಬದಲಾಯಿತು. ತಾಯಿ ಬಳೆ ತರಲು ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಅವಳೂ ಜೊತೆಗೆ ಹೋಗಿ, ನಿಲ್ದಾಣಕ್ಕೆ ಬಂದ ಬಂದ ಬಸ್ಸಿನ ಬೋರ್ಡನ್ನು ತಾಯಿಯ ಮೊಬೈಲಿನಲ್ಲಿ ಹಿಡಿದು ತರುತ್ತಿದ್ದಳು. ನಾನು ಒಂದು ರಟ್ಟಿನಲ್ಲಿ ಸಣ್ಣ ಕಿಂಡಿ ಕೊರೆದುಕೊಟ್ಟೆ. ಅದನ್ನು ಚಿತ್ರದ ಮೇಲೆ ಸರಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ, ಮೊದಲು ತನ್ನ ಧ್ವನಿಯನ್ನು ಮುದ್ರಿಸಬೇಕು. ಆಮೇಲೆ ನನ್ನದನ್ನು ಕೇಳಿ ಹೋಲಿಸಬೇಕು. ಗಜೇಂದ್ರಗಡದ ಒತ್ತಕ್ಷರ ಚಳಿಗಾಲ ಕಳೆಯುವವರೆಗೂ ಕಾಡಿತು. ಧೂಳು ಮೆತ್ತಿದ ಬೋರ್ಡು, ಅರ್ಧವೇ ಸಿಕ್ಕ ಬೋರ್ಡು, ಎಲ್ಲವನ್ನೂ ಅವಳು ಬಿಡದೆ ಓದಿದಳು. ಕೆಲವೊಮ್ಮೆ ನನ್ನ ಧ್ವನಿಯನ್ನು ನಡುವೆಯೇ ನಿಲ್ಲಿಸಿ, "ಸಾಕ್ರಿ ಸರ, ತಿಳೀತು," ಎನ್ನುತ್ತಿದ್ದಳು. ನನ್ನ ತರಗತಿಯಲ್ಲಿ ಹಾಗೆ ಹೇಳುವ ಧೈರ್ಯ ಹಿಂದೆ ಯಾರಿಗೂ ಇರಲಿಲ್ಲ. ಅದು ನನಗೆ ಹಿತವೆನಿಸತೊಡಗಿತು.

ಬೇಸಿಗೆಯ ರಜೆ ಮುಗಿಯುತ್ತ ಬಂದಾಗ, ಒಂದು ಸಂಜೆ ತಾಯಿ ಮಗಳನ್ನು ರೋಣದ ನಿಲ್ದಾಣಕ್ಕೆ ಕರೆತಂದರು, ನನಗೂ ಬರಹೇಳಿದ್ದರು. ಊರಿನ ಬಸ್ಸನ್ನು ಅವಳೇ ಗುರುತಿಸಲೆಂದು ತಾಯಿಯೂ ನಾನೂ ಕಂಬದ ಮರೆಯಲ್ಲಿ ನಿಂತೆವು. ನರಗುಂದದ ಬಸ್ಸು ಬಂದು ಹೋಯಿತು, ಹುಡುಗಿ ಕದಲಲಿಲ್ಲ. ಇನ್ನೊಂದು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಎಲ್ಲಿಗಿ ಹೋಗಾಕಿ ತಂಗಿ? ಅಸೂಟಿಗೆ? ಇದ ಐತಿ, ಲಗೂ ಹತ್ತು," ಎಂದು ಅವಸರಪಡಿಸಿದರು. ತಾಯಿ ನನ್ನ ತೋಳನ್ನೇ ಹಿಡಿದುಕೊಂಡರು.

ಹುಡುಗಿ ಬೋರ್ಡಿನ ಮೇಲೆ ಗಾಳಿಯಲ್ಲಿಯೇ ಬೆರಳು ಸರಿಸಿದಳು. ಅವಳ ತುಟಿ ನಿಧಾನವಾಗಿ ಅಲುಗಿತು.

"ಅಲ್ರಿ ಕಾಕಾ, ಇದು ಬೆಳವಣಕಿದು."

ಹಿರಿಯರು ಕನ್ನಡಕವನ್ನು ಏರಿಸಿ ನೋಡಿದರು. "ಖರೇನ ಐತಲ್ಲ ಬೇ," ಎಂದರು.

ಅದರ ಹಿಂದೆ ಬಂದ ಅಸೂಟಿಯ ಬಸ್ಸನ್ನು ಅವಳು ಯಾರನ್ನೂ ಕೇಳದೆ ಹತ್ತಿದಳು. ನಾವೂ ಹಿಂದಿನ ಬಾಗಿಲಿನಿಂದ ಹತ್ತಿದೆವು. ತಾಯಿ ಕಣ್ಣೊರೆಸಿಕೊಂಡು, ಅಂಗಡಿಯ ಗತ್ತಿನಲ್ಲಿಯೇ, "ಹೆಸರು ಹಚ್ಚೂಣ್ರಿ ಸರ," ಎಂದರು.

ರೋಣದ ಪ್ರೌಢಶಾಲೆಯ ಎಂಟನೆಯ ತರಗತಿಗೆ ಅವಳ ಹೆಸರು ಸೇರಿದ್ದು ೨೦೨೩ನೆಯ ಇಸವಿಯ ಜೂನ್ ಐದು, ಸೋಮವಾರ.