ಸುಂಕಲಮ್ಮನ ಕೈಗುಣ

ಜಗಳೂರಿನ ಆ ಕೇರಿಯಲ್ಲಿ ಮೀಸೆ ಚಿಗುರಿದ ಯಾವ ಹುಡುಗನನ್ನು ಬೇಕಾದರೂ ಹಿಡಿದು ಕೇಳಿ, ಹುಟ್ಟಿದ ಹೊಸತರಲ್ಲಿ ಅವನಿಗೆ ನೀರು ಹಾಕಿದವಳು ಸುಂಕಲಮ್ಮನೇ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಬಚ್ಚಲಲ್ಲಿ ಎರಡೂ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡಳೆಂದರೆ ಮುಗಿಯಿತು, ಅದು ಯಾರ ಮನೆಯ ಮುದ್ದಾದರೂ ಸರಿ, ಆಕೆ ಹೇಳಿದಂತೆ ಕೇಳಲೇಬೇಕು. ಮೂಗು ತೀಡುವಳು, ತಲೆ ಒತ್ತಿ ಗುಂಡಗೆ ಮಾಡುವಳು, ತೊಡೆ ಸಂದು ಬಿಡದೆ ತಿಕ್ಕುವಳು. ಕೂಸು ಕಿರುಚಿದರೆ, "ಅಳಪ್ಪಾ, ಚೆನ್ನಾಗಿ ಅಳು. ಹೆಂಡ್ತಿ ಬಂದ ಮ್ಯಾಲೆ ಅಳಾಕೂ ಬಿಡಂಗಿಲ್ಲ ಅವಳು" ಎಂದು ರೇಗಿಸುವಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ, ಲೋಬಾನದ ಹೊಗೆ ಹಿಡಿದು ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ. ಸುಂಕಲಮ್ಮನ ಕೈಗುಣ ಅಂಥದ್ದು ಎಂದು ಕೇರಿಯ ಹೆಂಗಸರೆಲ್ಲ ಹೇಳುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ ಮಾಡಿ, ಶೇಂಗಾ ಕಿತ್ತು, ಒಬ್ಬಳೇ ಮಗಳು ಮಮತಾಳನ್ನು ಓದಿಸಿ ನ್ಯಾಮತಿಗೆ ಮದುವೆ ಮಾಡಿ ಕೊಟ್ಟಿದ್ದಳು. ಅಳಿಯ ಪರಶುರಾಮ್ ವೈರಿಂಗ್ ಕೆಲಸದವನು, ಕೆಟ್ಟವನಲ್ಲ. ಆದರೆ ಮಮತಾಳ ಬಸಿರು ನಿಲ್ಲಲಿಲ್ಲ. ಒಂದು ಸಲ ಹೋಯಿತು, ಇನ್ನೊಂದು ಸಲವೂ ಹೋಯಿತು. ಊರವರ ಕೂಸುಗಳಿಗೆಲ್ಲ ನೀರು ಹಾಕುವವಳಿಗೆ ಸ್ವಂತ ಮೊಮ್ಮಗುವಿಗೆ ಹಾಕುವ ಯೋಗವಿಲ್ಲವಲ್ಲ ಎಂದು ಜನ ಎದುರಿಗೇ ಮರುಗುವರು. ಆ ಮರುಕ ಕೇಳಿದರೆ ಸುಂಕಲಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೂರನೆಯ ಸಲ ಬಸಿರು ನಿಂತು, ಹೆರಿಗೆಗೆಂದು ಮಮತಾ ತವರಿಗೆ ಬಂದಾಗ ಆಕೆಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ. ಈ ಕೂಸಿಗೆ ತಾನು, ತನ್ನ ಕೈಯಾರೆ ನೀರು ಹಾಕಬೇಕು. ಅಷ್ಟೇ.

ಆದರೆ ಆ ಕೈ ಆಗಲೇ ಕೆಟ್ಟಿತ್ತು.

ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಮೊದಲು ಅಂಗಾಲಿನಲ್ಲಿ ಜೋಮು ಹಿಡಿಯುತ್ತಿತ್ತು. ಆಮೇಲೆ ಇರುವೆ ಹರಿದಂತೆ, ಆಮೇಲೆ ಸೂಜಿ ಚುಚ್ಚಿದಂತೆ. ಒಂದು ಸಲ ಸಂತೆಯಿಂದ ಬರುವಾಗ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದೇ ತಿಳಿಯದೆ ಮನೆಯವರೆಗೂ ನಡೆದು ಬಂದಿದ್ದಳು. ಅದನ್ನು ಆಕೆಯೇ ಕೇರಿಗೆಲ್ಲ ಹೇಳಿಕೊಂಡು ನಕ್ಕಳು, ಕೇರಿಯೂ ನಕ್ಕಿತು. ನಗುವಂಥದ್ದಲ್ಲ ಎಂದು ಒಬ್ಬರಿಗಾದರೂ ಹೊಳೆಯಬೇಡವೇ! ಬರಬರುತ್ತಾ ಚುಚ್ಚು ಎರಡೂ ಕೈಗೆ ಏರಿತು. ಬೆರಳ ತುದಿಯಿಂದ ಶುರುವಾಗಿ ಮಣಿಕಟ್ಟಿನವರೆಗೆ ಸೆಳೆತ. ರೊಟ್ಟಿ ತಟ್ಟುವಾಗ, ಬಟ್ಟೆ ಹಿಂಡುವಾಗ, ಏನೂ ಮಾಡದೆ ಸುಮ್ಮನೆ ಕೂತಾಗಲೂ. ಸುಮ್ಮನೆ ಕೂತಾಗಲೇ ಹೆಚ್ಚು.

ಆಸ್ಪತ್ರೆಯಲ್ಲಿ ಸಕ್ಕರೆಗೊಂದು, ನರಕ್ಕೊಂದು ಮಾತ್ರೆ ಕೊಟ್ಟಿದ್ದರು. ನರದ ಮಾತ್ರೆ ನುಂಗಿದರೆ ಚುಚ್ಚು ಕಮ್ಮಿಯಾಗುತ್ತಿತ್ತು, ಆದರೆ ತಲೆ ಗಿಮ್ಮೆಂದು ಕಣ್ಣು ಎಳೆಯುತ್ತಿತ್ತು. ತೂಕಡಿಸುತ್ತಾ ಕೂಸು ಹಿಡಿಯಲು ಆಗುತ್ತದೆಯೇ? ನೀರು ಹಾಕುವ ಕೆಲಸವಿದ್ದಾಗ ಆಕೆ ಅದನ್ನು ಬಿಟ್ಟು, ಮೆಡಿಕಲ್ ಶಾಪಿನಿಂದ ತಂದ ನೋವಿನ ಗುಳಿಗೆ ನುಂಗಿ ಹೋಗುತ್ತಿದ್ದಳು. ಹರಳೆಣ್ಣೆ ತಿಕ್ಕಿದಳು, ಎಕ್ಕದ ಎಲೆ ಕಾಯಿಸಿ ಕಟ್ಟಿದಳು. ಕೊನೆಗೆ ಕೈ ಹಿಡಿದದ್ದು ಬಿಸಿನೀರು. ಲಕ್ಕಿಸೊಪ್ಪು ಹಾಕಿ ಕುದಿಸಿ, ಉಪ್ಪು ಬೆರೆಸಿ, ಎರಡೂ ಕೈ ಮುಳುಗಿಸಿ ಕೂತರೆ ಅಷ್ಟು ಹೊತ್ತು ಸ್ವರ್ಗ. ಮೊದಮೊದಲು ಬೆಚ್ಚಗಿನ ನೀರು ಸಾಕಾಗುತ್ತಿತ್ತು. ಆಮೇಲೆ ಸ್ವಲ್ಪ ಬಿಸಿ ಬೇಕಾಯಿತು. ಆಮೇಲೆ ಹೊಗೆಯಾಡುವ ನೀರೇ ಬೇಕಾಯಿತು. ತಾನೆಷ್ಟು ಗಟ್ಟಿಗಿತ್ತಿ ಎಂದು ಆಕೆಗೆ ಒಳಗೊಳಗೇ ಹೆಮ್ಮೆ.

ಮಮತಾಳ ದಿನ ತುಂಬುತ್ತಿದ್ದಾಗ ಸುಂಕಲಮ್ಮ ಮಾತ್ರೆಗೆಂದು ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಆಕೆಗೆ ಕಣ್ಣು ಮುಚ್ಚಿಸಿ, ದಾರದಂಥ ಒಂದು ಕಡ್ಡಿಯಿಂದ ಕೈಕಾಲು ಮುಟ್ಟುತ್ತಾ, "ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ" ಎಂದರು. ಸುಂಕಲಮ್ಮನಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದಿಲ್ಲ ಎಂದರೆ ಮಾತು ಕೇರಿಗೆ ಬಂದೇ ಬರುತ್ತದೆ, ಆಮೇಲೆ ಯಾರು ಕೂಸು ಕೊಡುತ್ತಾರೆ? ಆಕೆ ಅಂದಾಜಿನ ಮೇಲೆ ಹೂಂ ಎಂದಳು. ಮತ್ತೆ ಹೂಂ ಎಂದಳು.

"ನಾನಿನ್ನೂ ಮುಟ್ಟೇ ಇಲ್ಲ ಕಣಮ್ಮಾ" ಎಂದರು ಡಾಕ್ಟರಮ್ಮ. ಕೋಪ ಮಾಡಿಕೊಳ್ಳದೆ ತಿಳಿಸಿಯೂ ಹೇಳಿದರು. "ಈ ಕಾಯಿಲೆ ಹೀಗೇ. ನೋವಿರುತ್ತೆ, ಆದ್ರೆ ಚರ್ಮಕ್ಕೆ ಬಿಸಿ ಗೊತ್ತಾಗಲ್ಲ. ಬಿಸಿನೀರಲ್ಲಿ ಕೈಕಾಲು ಇಡಬೇಡಿ, ಸುಟ್ಟರೂ ತಿಳಿಯಲ್ಲ. ಸ್ನಾನದ ನೀರನ್ನೂ ಮನೆಯವರ ಕೈಲಿ ಮುಟ್ಟಿಸಿ ನೋಡಿ."

ದಾರಿಯುದ್ದಕ್ಕೂ ಸುಂಕಲಮ್ಮ ಬೈದುಕೊಂಡೇ ಬಂದಳು. "ಜೀವ ಹೋಗಂಗೆ ನೋಯೋದು ಗೊತ್ತಾಗ್ತೈತೆ, ಬಿಸಿ ಗೊತ್ತಾಗಂಗಿಲ್ವಂತೆ! ಓದೀ ಓದೀ ತಲೆ ಕೆಟ್ಟೈತೆ ಆ ಹುಡುಗಿಗೆ." ಡಾಕ್ಟರು ಏನಂದರು ಎಂದು ಮಮತಾ ಕೇಳಿದ್ದಕ್ಕೆ, "ಏನಿಲ್ಲ ಕಣವ್ವ, ಮೈಯಾಗೆ ಶಕ್ತಿ ಕಮ್ಮಿ ಆಗೈತಂತೆ" ಎಂದಳು. ಮಗಳು ನಂಬಿದಳು.

ಇನ್ನೊಂದು ಎಚ್ಚರಿಕೆಯೂ ಬಂದಿತ್ತು. ಎದುರು ಮನೆಯ ಅನ್ನಪೂರ್ಣಮ್ಮನ ಸೊಸೆ ಅಂಬಿಕಾಳ ಕೂಸಿಗೆ ನೀರು ಹಾಕಿ ಕೊಟ್ಟ ಒಂದು ದಿನ, ಅಂಬಿಕಾ ಕೂಸಿನ ಕೆಂಪು ಮೈ ಮುಟ್ಟಿ, "ಅಜ್ಜಿ, ನೀರು ಭಾಳ ಬಿಸಿ ಆಗಿತ್ತೇನೋ" ಎಂದಳು. ಅವಳ ಮಾತಿಗೆ ಅತ್ತೆಯೇ ಅಡ್ಡ ಬಂದಳು.

"ನಿನ್ನ ಗಂಡಂಗೆ ನೀರು ಎರೆದ ಕೈ ಕಣೇ ಅದು. ನಿನ್ನೆ ಮೊನ್ನೆ ಬಂದೋಳು ನೀನು ಅವರಿಗೆ ಹೇಳಿಕೊಡಾಕೆ ಬಂದ್ಯಾ?"

ಅಂಬಿಕಾ ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಸಂಜೆಯ ಹೊತ್ತಿಗೆ ಕೂಸಿನ ಕೆಂಪು ಇಳಿಯಿತು. ಸುಂಕಲಮ್ಮನ ಮನಸ್ಸಿನಲ್ಲಿ ಮಾತ್ರ ಸಣ್ಣದೊಂದು ಅಳುಕು ಕೂತಿತ್ತು. ಅದನ್ನು ಆಕೆ ಮೇಲೇಳಲು ಬಿಡಲಿಲ್ಲ.

ಮಮತಾಳಿಗೆ ಗಂಡು ಕೂಸು ಹುಟ್ಟಿತು. ಹೊಕ್ಕಳಬಳ್ಳಿ ಬೀಳುವ ತನಕ ನೀರು ಹಾಕಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಸುಂಕಲಮ್ಮ ದಿನಾ ಕೂಸಿನ ಹೊಟ್ಟೆಯ ಬಟ್ಟೆ ಸರಿಸಿ ನೋಡುವುದೇ ಆಯಿತು. ಬಳ್ಳಿ ಬಿದ್ದ ಮಾರನೆಯ ಬೆಳಿಗ್ಗೆ ಎದ್ದವಳೇ ಬಚ್ಚಲು ತೊಳೆದಳು, ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು. ಕೈಯ ಚುಚ್ಚು ಆವತ್ತು ವಿಪರೀತವಾಗಿತ್ತು. ನರದ ಮಾತ್ರೆ ಬಿಟ್ಟಳು, ನೋವಿನ ಗುಳಿಗೆ ಒಂದರ ಬದಲು ಎರಡು ನುಂಗಿದಳು. ಅಷ್ಟಕ್ಕೂ ನಿಲ್ಲದಾಗ, ಕಾದ ನೀರಿನಲ್ಲಿ ಒಂದಿಷ್ಟು ಹೊತ್ತು ಕೈ ಅದ್ದಿ ಕೂತಳು. ಆಹಾ, ಎಂಥ ಹಿತ!

ಬಾಣಂತಿ ಮಮತಾ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. ಅವಳ ಮುಖದಲ್ಲಿ ಅಂಥ ನಗುವನ್ನು ಸುಂಕಲಮ್ಮ ನೋಡಿ ಎಷ್ಟೋ ವರ್ಷವಾಗಿತ್ತು.

"ಅವ್ವಾ, ನಿಧಾನ."

"ನನಗೇ ಹೇಳ್ತೀಯಲ್ಲೇ! ನಿನಗೆ ಎರೆದೋರು ಯಾರು ಮತ್ತೆ?"

ಬಕೆಟ್ಟಿಗೆ ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ಎಂದಿನಂತೆ ಕೈ ಅದ್ದಿ ನೋಡಿದಳು. ಇನ್ನೂ ಬೆಚ್ಚಗಾಗಿಲ್ಲ ಅನ್ನಿಸಿತು. ಇನ್ನೊಂದಿಷ್ಟು ಬಿಸಿನೀರು ಸುರಿದಳು. ಈಗ ಸರಿಯಾಯಿತು ಎಂದುಕೊಂಡಳು.

ಮೊದಲ ಚೊಂಬು ಬೆನ್ನ ಮೇಲೆ ಬಿದ್ದಾಗ ಕೂಸು ಚಿಟ್ಟನೆ ಚೀರಿತು. "ಅಳಪ್ಪಾ, ಚೆನ್ನಾಗಿ ಅಳು" ಎನ್ನುತ್ತಲೇ ಎರಡನೆಯ ಚೊಂಬು ಹುಯ್ದಳು. ಕೂಸಿನ ದನಿ ಅರ್ಧಕ್ಕೇ ಕಟ್ಟಿತು. ಬಾಯಿ ತೆರೆದೇ ಇತ್ತು, ಸದ್ದಿರಲಿಲ್ಲ. ಅಷ್ಟು ಕೂಸುಗಳ ಅಳು ಕೇಳಿದವಳು, ಹೀಗೆ ದನಿ ಕಟ್ಟಿದ್ದನ್ನು ಎಂದೂ ಕೇಳಿರಲಿಲ್ಲ. ಚೊಂಬು ಕೈಯಿಂದ ಜಾರಿತು.

ಮಮತಾ ಬಾಣಂತಿ ಮೈಯೆಂದೂ ನೋಡದೆ ಹಾರಿ ಬಂದು ಕೂಸನ್ನು ಎತ್ತಿಕೊಂಡಳು. ಬಕೆಟ್ಟಿನ ನೀರಿಗೆ ಕೈ ತಾಗಿದ್ದೇ ತಡ, ಹಾವು ಕಚ್ಚಿದಂತೆ ಕೈ ಕಿತ್ತುಕೊಂಡಳು. "ಅವ್ವಾ, ಏನು ಮಾಡಿದ್ಯೇ! ಕುದಿಯಾ ನೀರು ಹುಯ್ದೀಯಲ್ಲೇ!" ಕೂಸಿನ ಬೆನ್ನ ಮೇಲೆ ಬೊಬ್ಬೆ ಏಳುತ್ತಿತ್ತು. ಸುಂಕಲಮ್ಮ ತನ್ನ ಕಾಲು ನೋಡಿಕೊಂಡಳು. ನೀರು ಹರಿದ ಕಡೆಯೆಲ್ಲ ಅಲ್ಲೂ ಬೊಬ್ಬೆ ಎದ್ದಿತ್ತು. ಆಕೆಗೆ ಏನೆಂದರೆ ಏನೂ ಗೊತ್ತಾಗಿರಲಿಲ್ಲ.

ಕೂಸನ್ನು ದಾವಣಗೆರೆಗೆ ಸಾಗಿಸಿದರು. ಹೇಗಾಯಿತು ಎಂದು ಅಲ್ಲಿ ಕೇಳಿದಾಗ, ತಾಯಿಯ ಬಾಯಿ ಕಟ್ಟಿಹೋಗಿದ್ದು ನೋಡಿ ಮಮತಾಳೇ ಹೇಳಿದಳು. "ನಾನೇ ರೀ. ಬಿಸಿನೀರಿನ ಚೊಂಬು ನನ್ನ ಕೈ ಜಾರಿ ಬಿತ್ತು." ಪರಶುರಾಮ್ ಬಂದಾಗಲೂ ಅದನ್ನೇ ಹೇಳಿದಳು. ಅವನು ಗೋಡೆಗೆ ಹಣೆ ಒತ್ತಿ ನಿಂತವನು ಹೆಂಡತಿಯ ಕಡೆ ತಿರುಗಲೇ ಇಲ್ಲ. ಅವನ ತಾಯಿ ವಾರ್ಡಿನಲ್ಲೇ ನಿಂತು, "ಎರಡನ್ನ ಹೊಟ್ಟೆಯಾಗೇ ತಿಂದ್ಲು, ಮೂರನೇದನ್ನ ಸುಟ್ಲು" ಎಂದುಬಿಟ್ಟಳು. ಆ ಮಾತು ಬೀಳುವಾಗ ಸುಂಕಲಮ್ಮ ಅಲ್ಲೇ ಇದ್ದಳು. ಬಾಯಿ ತೆರೆದಳು. ಅಲ್ಲ, ನಾನು, ಎನ್ನಬೇಕು. ಮಗಳು ಆಕೆಯ ಕೈಯನ್ನು ಅದುಮಿ ಹಿಡಿದು ಬೇಡವೆಂದು ತಲೆಯಾಡಿಸಿದಳು. ಸುಂಕಲಮ್ಮ ಸುಮ್ಮನಾದಳು. ಆ ಸುಮ್ಮನಿದ್ದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕೂಸು ಬದುಕಿತು. ಬೆನ್ನ ತುಂಬ ಸುಕ್ಕುಗಟ್ಟಿದ ಕಲೆ ಉಳಿಯಿತು, ಅದು ಹೋಗುವುದಿಲ್ಲವೆಂದು ಡಾಕ್ಟರೇ ಹೇಳಿದರು. ಪರಶುರಾಮ್ ನ್ಯಾಮತಿಗೆ ಹೋದವನು ಫೋನು ಮಾಡಿದರೂ ಕೂಸಿನ ವಿಷಯವಷ್ಟೇ ಕೇಳಿ ಇಡುತ್ತಿದ್ದ. ಮಮತಾ ತವರಲ್ಲೇ ಉಳಿದಳು. ತಾಯಿಯ ಕಾಲಿನ ಹುಣ್ಣಿಗೂ ಅವಳೇ ಮುಲಾಮು ಹಚ್ಚುವಳು. ಒಂದು ದಿನವೂ ಬಿರುಸಿನ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆದರೆ ತಾಯಿ ಹತ್ತಿರ ಬಂದರೆ ಮಾತ್ರ ಅವಳಿಗೆ ಗೊತ್ತಿಲ್ಲದೆಯೇ ಅವಳ ಕೈ ಕೂಸನ್ನು ಎದೆಗೆ ಒತ್ತಿಕೊಳ್ಳುತ್ತಿತ್ತು.

ಸುಂಕಲಮ್ಮ ಬಿಸಿನೀರಿನ ತಂಟೆಗೆ ಹೋಗಲಿಲ್ಲ. ಮಾತ್ರೆಗಳನ್ನು ಹೊತ್ತು ಹೊತ್ತಿಗೆ ನುಂಗಿದಳು, ತಲೆ ಗಿಮ್ಮೆಂದರೆ ಎನ್ನಲಿ, ಇನ್ನು ಎಲ್ಲಿಗೆ ಹೋಗಬೇಕಿದೆ? ಚುಚ್ಚು ಅರ್ಧಕ್ಕಿಳಿಯಿತು, ಉಳಿದರ್ಧ ಮಾತ್ರೆಗೂ ಬಗ್ಗಲಿಲ್ಲ. ಬೆರಳುಗಳನ್ನು ಹಿಸುಕಿಕೊಳ್ಳುತ್ತಾ ಕೂರುವಳು. ಚುಚ್ಚಲಿ, ಇನ್ನೂ ಚುಚ್ಚಲಿ ಎಂದು ತನ್ನ ಕೈಗೇ ಶಾಪ ಹಾಕುವಳು.

ಹಾಗಿರುವಾಗ ಒಂದು ಬೆಳಿಗ್ಗೆ ಅನ್ನಪೂರ್ಣಮ್ಮ ಬಂದು ಕಟ್ಟೆಯ ಮೇಲೆ ಕೂತಳು. ಅವಳ ದೊಡ್ಡ ಮಗಳಿಗೆ ಹೆರಿಗೆಯಾಗಿತ್ತು.

"ನಾಳೆಯಿಂದ ಕೂಸಿಗೆ ನೀರು ಹಾಕಾಕೆ ಬಾರಕ್ಕ. ನಿನ್ನ ಕೈ ಬಿದ್ರೇನೇ ನನಗೆ ಸಮಾಧಾನ." ಆಮೇಲೆ ದನಿ ತಗ್ಗಿಸಿದಳು, ಒಳಗಿದ್ದ ಮಮತಾಳಿಗೆ ಕೇಳದಷ್ಟೇನೂ ತಗ್ಗಿಸಲಿಲ್ಲ. "ಬೇಜಾರು ಮಾಡ್ಕಬ್ಯಾಡ. ಇಂಥ ತಾಯಿ ಹೊಟ್ಟೆಯಾಗೆ ಹುಟ್ಟಿ ಆ ನಿನ್ನ ಮಗಳಿಗೆ ಒಂದು ಚೊಂಬು ಹಿಡಿಯಾಕೆ ಬರಲಿಲ್ಲ ನೋಡು. ಕೇರಿಯೆಲ್ಲ ಥೂ ಅಂತೈತೆ."

ಒಳಗೆ ಕೂಸಿನ ಜೋಳಿಗೆ ತೂಗುತ್ತಿದ್ದ ಸದ್ದು ನಿಂತಿತು.

ಸುಂಕಲಮ್ಮ ಎದ್ದು ನಿಂತಳು. ಕಾಲು ನೆಲದ ಮೇಲಿದೆಯೋ ಇಲ್ಲವೋ ಆಕೆಗೆ ತಿಳಿಯುತ್ತಿರಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅನ್ನಪೂರ್ಣಾ, ನನ್ನ ಮಗಳು ಚೊಂಬು ಮುಟ್ಟಿಲ್ಲ. ಕೂಸಿನ್ನ ಸುಟ್ಟೋಳು ನಾನು."

"ಏನಂತೀಯಕ್ಕ?"

"ನನ್ನ ಕೈಗೆ ಬಿಸಿ ತಿಳಿಯಂಗಿಲ್ಲ. ಡಾಕ್ಟ್ರು ಹೇಳಿದ್ರು, ನಾನು ಮುಚ್ಚಿಟ್ಟೆ. ಮೊಮ್ಮಗನಿಗೆ ನಾನೇ ಎರೀಬೇಕು ಅಂತ ಆಸೆ ಇತ್ತಲ್ಲ, ಆ ಆಸೆಗೆ ಬೆಂಕಿ ಬೀಳಾ. ಆವತ್ತು ನಿನ್ನ ಸೊಸೆ ಹೇಳಿದ್ದು ಸುಳ್ಳಲ್ಲ. ನೀನು ಬೈದೆ, ನಾನು ಸುಮ್ಕಿದ್ದೆ. ಕೇರಿಗೆಲ್ಲ ಹೇಳು ಹೋಗು. ನ್ಯಾಮತಿಗೆ ನಾನೇ ಹೋಗಿ ಹೇಳ್ತೀನಿ."

ಅನ್ನಪೂರ್ಣಮ್ಮನ ಮುಖ ಬಿಳಿಚಿಕೊಂಡಿತು. ದಡಬಡಿಸಿ ಎದ್ದಳು. ರಸ್ತೆ ದಾಟಿ ತನ್ನ ಮನೆಯೊಳಗೆ ಹೋಗಿ, ಅಂಬಿಕಾಳ ಕೂಸನ್ನು ಎತ್ತಿಕೊಂಡು, ಅಂಗಿ ಮೇಲೆತ್ತಿ ಅದರ ಬೆನ್ನು ನೋಡುತ್ತಿದ್ದದ್ದು ಇಲ್ಲಿಗೂ ಕಾಣುತ್ತಿತ್ತು. ಇನ್ನು ಈ ಕೇರಿಯಲ್ಲಿ ಯಾರೂ ತನ್ನನ್ನು ಕರೆಯುವುದಿಲ್ಲ. ಸುಂಕಲಮ್ಮನಿಗೆ ಅದು ಸ್ಪಷ್ಟವಾಗಿ ಗೊತ್ತಾಯಿತು. ಕಟ್ಟೆಗೆ ಒರಗಿ ಕಾಲು ನೀಡಿ ಕೂತುಬಿಟ್ಟಳು.

ಮಮತಾ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ಕಣ್ಣುಗಳು ಕೆಂಪಾಗಿದ್ದವು. "ಯಾಕೆ ಹೇಳಾಕೆ ಹೋದ್ಯವ್ವಾ" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಬಗ್ಗಿ, ಕೂಸನ್ನು ತಾಯಿಯ ನೀಡಿದ ಕಾಲುಗಳ ಮೇಲೆ ಮಲಗಿಸಿದಳು. ಸುಟ್ಟ ದಿನದಿಂದ ಅದೇ ಮೊದಲು. ಆದರೂ ತನ್ನ ಒಂದು ಕೈಯನ್ನು ಕೂಸಿನ ಮೇಲೆ ಇಟ್ಟುಕೊಂಡೇ ಪಕ್ಕದಲ್ಲಿ ಕೂತಳು.

ಸುಂಕಲಮ್ಮ ಎರಡೂ ಅಂಗೈಯಿಂದ ಕೂಸಿನ ಎದೆ ಸವರಿದಳು. ಚುಚ್ಚುವುದು ಗೊತ್ತಾಗುತ್ತಿತ್ತು, ಕೂಸು ಗೊತ್ತಾಗಲಿಲ್ಲ. ಕಾಲಿಗೆ ಭಾರವಿತ್ತು, ಅದೂ ದೂರದಲ್ಲೆಲ್ಲೋ ಇದ್ದಂತಿತ್ತು. ಆಕೆ ನಿಧಾನವಾಗಿ ಬಗ್ಗಿ ಕೂಸಿನ ನೆತ್ತಿಗೆ ಕೆನ್ನೆ ಇಟ್ಟಳು. ಕೆನ್ನೆಗೆ ಗೊತ್ತಾಯಿತು. ಕೂಸು ಬೆಚ್ಚಗಿತ್ತು.