ಗಟ್ಟಿಮೇಳದವರೆಗಿನ ಪದ್ದು

ಹೆಮ್ಮಾಡಿಯ ಪದ್ಮನಾಭ ಶೇರಿಗಾರನ ಸ್ಯಾಕ್ಸೋಫೋನ್ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಕುಂದಾಪುರದಿಂದ ಬೈಂದೂರಿನವರೆಗೆ ಯಾವ ಕಲ್ಯಾಣಮಂಟಪದಲ್ಲಿ ಮದುವೆಯೂಟ ಮಾಡಿದ್ದರೂ ಅದರಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಕಿವಿಗೆ ಬಿದ್ದಿರುತ್ತದೆ ಎಂದೆನೇ ಹೊರತು ಕೇಳಿದ್ದೀರಿ ಎನ್ನಲಿಲ್ಲ. ಮದುವೆಯಲ್ಲಿ ವಾಲಗವನ್ನು ನಿಜವಾಗಿ ಕೇಳುವವನು ಒಬ್ಬನೇ, ಪಕ್ಕದಲ್ಲಿ ಕೂತು ಡೋಲು ಹೊಡೆಯುವವನು. ಅದು ನಾನು, ಹೆಸರು ಗುಡ್ಡ. ಇಪ್ಪತ್ತೆರಡು ವರ್ಷ ಅವನ ಬಲಬದಿಗೆ ಕೂತಿದ್ದೇನೆ. ಆದ್ದರಿಂದ ಪದ್ದುವಿನ ಬಗ್ಗೆ ಮಾತಾಡುವ ಅಧಿಕಾರ ಅವನ ಹೆಂಡತಿಗಿಂತ ನನಗೆ ಹೆಚ್ಚಿದೆ.

ಪದ್ದುವಿಗೆ ಈಗ ಐವತ್ತೆರಡು. ಬೆಳಿಗ್ಗೆ ಆರಕ್ಕೆ ಎದ್ದು ಜಗಲಿಯಲ್ಲಿ ಕುರ್ಚಿ ಹಾಕಿ, ರಸ್ತೆಗೆ ಮುಖ ಮಾಡಿ ಕೂರುತ್ತಾನೆ. ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡುವವರನ್ನು ಕಂಡರೆ ಅವನಿಗೆ ಕನಿಕರ. ಮೋಹನ ರಾಗದ ಒಂದು ಕೃತಿ ಅವನ ಹೆಮ್ಮೆ. ಪಲ್ಲವಿ ಎತ್ತಿದನೆಂದರೆ ಹಾಲು ತರಲು ಹೋಗುವವರು ಒಂದು ಗಳಿಗೆ ನಿಲ್ಲುತ್ತಾರೆ, ನಿಲ್ಲಲೇಬೇಕು, ಅಷ್ಟು ಚೆನ್ನಾಗಿರುತ್ತದೆ. ಅನುಪಲ್ಲವಿಯೂ ಪರವಾಗಿಲ್ಲ. ಆಮೇಲೆ ಚರಣ. ಚರಣದ ಮೂರನೇ ಸಾಲಿನಲ್ಲಿ ಸ್ವರಗಳು ಮೇಲೆ ಹತ್ತಿ, ಸೊಟ್ಟ ದಾರಿಯಲ್ಲಿ ಕೆಳಗೆ ಇಳಿಯುತ್ತವೆ. ಅಲ್ಲಿ ಅವನ ಬೆರಳು ಎಡವುತ್ತದೆ. ಎಡವಿದ ಕೂಡಲೇ ಪದ್ದು ಏನು ಮಾಡುತ್ತಾನೆ? ಆ ಸಾಲನ್ನು ತಿದ್ದುತ್ತಾನೆಯೇ? ಇಲ್ಲ. ಪಲ್ಲವಿಗೆ ವಾಪಸು ಹೋಗುತ್ತಾನೆ. ದಾರಿಯಲ್ಲಿ ಕಾಲಿಗೆ ಕಲ್ಲು ತಾಗಿತೆಂದು ಮನೆಗೆ ಹಿಂದಿರುಗಿ, ಮತ್ತೆ ಹೊರಟು, ಅದೇ ಕಲ್ಲಿಗೆ ಎಡವುವ ಮನುಷ್ಯ ಅವನು.

ಒಂದು ಬೆಳಿಗ್ಗೆಗೆ ಪಲ್ಲವಿ ಮೂವತ್ತು ಸಲ. ಚರಣದ ಮೂರನೇ ಸಾಲು ಆರೇಳು ಸಲ, ಪ್ರತಿ ಸಲವೂ ತಪ್ಪು. ಹೀಗೆ ಬಂದದ್ದು ಇನ್ನಷ್ಟು ಬರುತ್ತ ಹೋಯಿತು, ಬಾರದ್ದು ಬಾರದಂತೆಯೇ ಗಟ್ಟಿಯಾಯಿತು. ತಪ್ಪನ್ನೂ ದಿನಾ ನುಡಿಸಿದರೆ ಅದೂ ಸಾಧನೆಯೇ ತಾನೇ. ಆದರೆ ಅವನ ಹೆಂಡತಿ ತುಂಗಾ ಬಂದವರಿಗೆಲ್ಲ ಚಾ ಕೊಡುತ್ತ ಹೇಳುವುದು ಬೇರೆ.

"ದಿನಾ ಎರ್ಡ್ ಗಂಟಿ ಸಾಧನೆ ಮಾಡ್ತ್ರ್ ಮಾರಾಯ್ರೆ. ಕಾಂಬವ್ರಿಗೇ ಉಸ್ರ್ ಕಟ್ಟುತ್ತ್."

ಎರಡು ಗಂಟೆ ಹೌದು. ಅದರಲ್ಲಿ ಗೊತ್ತಿಲ್ಲದ್ದಕ್ಕೆ ಕೊಟ್ಟದ್ದು ಎರಡು ನಿಮಿಷ. ಆಮೇಲೆ ಫೋನು ಎದುರಿಗಿಟ್ಟು ಪಲ್ಲವಿಯನ್ನು ರೆಕಾರ್ಡ್ ಮಾಡಿ ಸ್ಟೇಟಸ್ಸಿಗೆ ಹಾಕುವುದು. ದುಬೈಯಿಂದ, ಮುಂಬೈಯಿಂದ ಕೈಮುಗಿಯುವ ಚಿತ್ರಗಳು ಬರುತ್ತವೆ. ಅವನು ಅವನ್ನು ನನಗೆ ತೋರಿಸುತ್ತಾನೆ. ಕೈಮುಗಿದವರಲ್ಲಿ ಒಬ್ಬನಾದರೂ 'ಮುಂದೆ ಎಂತ ಆಯ್ತು' ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಚರಣ ಬಾರದ ಮನುಷ್ಯ ಇಷ್ಟು ವರ್ಷ ಬದುಕಿದ್ದು ಹೇಗೆ ಎಂದು ನೀವು ಕೇಳಬಹುದು. ಮದುವೆಯ ವಾಲಗ ಗೊತ್ತಿದ್ದವರು ಆ ಪ್ರಶ್ನೆ ಕೇಳುವುದಿಲ್ಲ. ಮದುವೆಯಲ್ಲಿ ಯಾವ ಕೃತಿಯೂ ಮುಗಿಯುವುದಿಲ್ಲ. ಅನುಪಲ್ಲವಿ ದಾಟುವಷ್ಟರಲ್ಲಿ ಭಟ್ಟರು ಕೈಯೆತ್ತುತ್ತಾರೆ, ಯಾರೋ 'ಗಟ್ಟಿಮೇಳ, ಗಟ್ಟಿಮೇಳ' ಎನ್ನುತ್ತಾರೆ. ನಾನು ಡೋಲನ್ನು ಎರಡೂ ಬದಿಯಿಂದ ಬಡಿಯುತ್ತೇನೆ, ಅವನು ಕಣ್ಣು ಮುಚ್ಚಿ ಮೇಲಿನ ಷಡ್ಜ ಹಿಡಿಯುತ್ತಾನೆ, ಜನ ಅಕ್ಷತೆ ಎಸೆಯುತ್ತಾರೆ. ತಾಳಿ ಕೊರಳಿಗೆ ಬಿತ್ತು, ಕೃತಿ ಅಲ್ಲಿಗೇ ಸತ್ತಿತು, ಯಾರಿಗೂ ಗೊತ್ತಾಗಲಿಲ್ಲ. ಮುಹೂರ್ತ ತಡವಾಗಿ, ಚರಣ ಹತ್ತಿರ ಬಂದೇಬಿಟ್ಟರೆ ಪದ್ದು ಎಡಹುಬ್ಬು ಎತ್ತುತ್ತಾನೆ. ಅದು ನನಗೆ ಸೂಚನೆ. ನಾನು ಏನಾದರೊಂದು ನೆಪ ನೋಡಿ ಹೊಡೆಯುತ್ತೇನೆ. ಮದುಮಗನ ಕಡೆಯವರ ಬಸ್ಸು ಬಂದದ್ದಕ್ಕೆ ಹೊಡೆದಿದ್ದೇನೆ. ಉಪ್ಪುಂದದ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ಐಸ್‌ಕ್ರೀಮಿನ ಡಬ್ಬಿ ಹೊತ್ತು ಒಳಗೆ ಬಂದದ್ದಕ್ಕೂ ಹೊಡೆದೆ. ಮುಂದಿನ ಸಾಲಿನ ಹೆಂಗಸರು ಅವನ ತಲೆಗೇ ಅಕ್ಷತೆ ಹಾಕಿದರು. 'ಜೋಡಿ ಅಂದ್ರೆ ಹೀಂಗಿರ್ಕ್' ಎಂದು ಊಟದ ಹೊತ್ತಿಗೆ ನಾಲ್ಕು ಜನ ನಮ್ಮಿಬ್ಬರ ಹತ್ತಿರ ಬಂದು ಹೇಳಿದರು.

ಮೊದಲ ವರ್ಷವೇ ನನಗೆ ಇದೆಲ್ಲ ಅರ್ಥವಾಗಿತ್ತು. ಮನಸ್ಸಿನಲ್ಲೇ ನಕ್ಕೆ, ಅವನ ಬೆನ್ನ ಹಿಂದೆ ಊರಿಡೀ ಹೇಳಿದೆ. ಅವನ ಮುಖಕ್ಕೆ ಹೇಳಲಿಲ್ಲ. ಯಾಕೆ ಹೇಳಲಿ, ಗಟ್ಟಿಮೇಳಕ್ಕೆ ಹೊಗಳಿಕೆ ಬರುವುದು ಡೋಲಿಗೆ.

ಈ ನಾಲ್ಕೈದು ವರ್ಷದಿಂದ ಮದುವೆಗಳೂ ಕಡಿಮೆಯಾದವು. ಮದುವೆಗಳು ನಡೆಯುತ್ತವೆ, ನಮ್ಮನ್ನು ಕರೆಯುವುದಿಲ್ಲ. ಡಿಜೆ ಬಂತು, ಕೆಂಪು ಪೇಟ ಕಟ್ಟಿದ ಡೊಳ್ಳಿನವರು ಬಂದರು. ಡೊಂಬಿವಿಲಿಯಲ್ಲಿ ಹೋಟೆಲು ಇಟ್ಟಿರುವ ಪದ್ದುವಿನ ಭಾವ ಫೋನು ಮಾಡಿ, ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ಕೂತುಕೋ ಎಂದು ಕರೆದ. ಸ್ಯಾಕ್ಸೋಫೋನನ್ನು ಪೆಟ್ಟಿಗೆಗೆ ಹಾಕಿ, ಐವತ್ತೆರಡನೇ ವಯಸ್ಸಿನಲ್ಲಿ ಇಡ್ಲಿ ವಡೆಯ ಬಿಲ್ಲು ಚುಚ್ಚುವ ಕೆಲಸ. ಪದ್ದು ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದ.

ಅಂಥ ಹೊತ್ತಿನಲ್ಲಿ ಬೈಂದೂರು ಬದಿಯ ಒಂದು ದೇವಸ್ಥಾನದಲ್ಲಿ ವಾದ್ಯದವರು ಬೇಕೆಂದು ಸುದ್ದಿ ಬಂತು. ಅಲ್ಲಿ ಮೊದಲು ಇದ್ದವರಿಗೆ ವಯಸ್ಸಾಗಿತ್ತು. ಎರಡು ಹೊತ್ತಿನ ಪೂಜೆಗೆ ಸೇವೆ, ತಿಂಗಳ ಸಂಬಳ, ಸ್ಯಾಕ್ಸೋಫೋನು ಡೋಲು ಎರಡಕ್ಕೂ ಜೋಡಿಯಾಗಿ ನೇಮಕ. ಆಡಳಿತ ನೋಡುವ ಮೊಕ್ತೇಸರ ಉಲ್ಲಾಸ್ ಶೆಟ್ಟರು ಒಂದೇ ಷರತ್ತು ಹಾಕಿದ್ದರು: ರಾತ್ರಿ ಪೂಜೆಯಲ್ಲಿ ದೇವರೆದುರು ಒಂದು ಕೃತಿಯನ್ನು ಪೂರ್ತಿ ನುಡಿಸುವ ಕ್ರಮ ಇರುವುದರಿಂದ, ಪರೀಕ್ಷೆಯ ದಿನ ಒಂದು ಕೃತಿ ಮೊದಲಿಂದ ಕೊನೆಯವರೆಗೆ ನುಡಿಸಬೇಕು. ನಾನು ಪದ್ದುವಿನ ಮನೆಗೆ ಹೋದೆ.

"ಪೂರಾ ನುಡ್ಸ್ಕಂಬ್ರ್, ಪದ್ದು."

"ನುಡ್ಸುವ. ನಂಗೆ ಬತ್ತಿಲ್ಯಾ?"

"ಚರಣ?"

"ಅದ್ ಅಲ್ಲಿ ಹೋಯಿ ಕೂಕಂಡ್ರೆ ತನ್ನಿಂದ ತಾನೇ ಬತ್ತ್."

ಮನೆಯಲ್ಲಿ ಬಾರದ್ದು ಹತ್ತು ಜನರ ಎದುರಿಗೆ ತನ್ನಿಂದ ತಾನೇ ಬಂದದ್ದೆಂದರೆ ನಾನು ಕಂಡದ್ದು ಒಂದೇ, ಬೆವರು. ಆದರೂ ಪರೀಕ್ಷೆಗೆ ಇಪ್ಪತ್ತು ದಿನ ಇತ್ತು. ಇಪ್ಪತ್ತೂ ದಿನ ಅವನು ಎರಡು ಗಂಟೆಯನ್ನು ಮೂರು ಮಾಡಿದ. ಪಲ್ಲವಿ ನಲವತ್ತೈದು ಸಲ.

ಇದರ ನಡುವೆ ಬ್ರಹ್ಮಾವರದ ತಂಗಿಯ ಮನೆಗೆ ಹೋಗಿದ್ದೆ. ಅವಳ ಹಿತ್ತಿಲಾಚೆಯ ಮನೆಯ ನವ್ಯಶ್ರೀಯೂ ಸ್ಯಾಕ್ಸೋಫೋನಿನವಳು, ಇಪ್ಪತ್ತಾರು ವರ್ಷದ ಹುಡುಗಿ, ಅದೇ ಪರೀಕ್ಷೆಗೆ ಹೆಸರು ಕೊಟ್ಟಿದ್ದಳು. ಬೆಳಿಗ್ಗೆ ಅವಳ ಸಾಧನೆ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಒಂದೇ ಸಾಲು. ಎಂಟು ಸ್ವರ. ಹುಷಾರಿಲ್ಲದವರು ಮೆಟ್ಟಿಲು ಇಳಿದಂತೆ ನಿಧಾನ. ಹತ್ತು ಸಲ, ಹದಿನೈದು ಸಲ, ಮತ್ತೆ ಅದೇ. ಆಮೇಲೆ ಸದ್ದು ನಿಂತಿತು. ನೋಡಿದರೆ ಹುಡುಗಿ ತಾರಸಿಯ ಮೆಟ್ಟಿಲನ್ನು ಓಡಿ ಹತ್ತುತ್ತಾಳೆ, ಓಡಿ ಇಳಿಯುತ್ತಾಳೆ. ಮೂರು ಸಲ ಹಾಗೆ ಮಾಡಿ, ಏದುಸಿರು ಬಿಡುತ್ತಲೇ ಕುರ್ಚಿಯಲ್ಲಿ ಕೂತು, ಅದೇ ಸಾಲು ನುಡಿಸಿದಳು. ಅವಳ ಅಮ್ಮನೂ ಚಿಕ್ಕಮ್ಮನೂ ಎದುರಿಗೆ ಕೈಕಟ್ಟಿ ಕೂತು ಸುಮ್ಮನೆ ನೋಡುತ್ತಿದ್ದರು. ಅವರಿಗೆ ನಗಬಾರದು, ಹೊಗಳಬಾರದು ಎಂದು ಅವಳ ಕಟ್ಟಪ್ಪಣೆಯಂತೆ.

ಬೇಲಿಯಾಚೆಯಿಂದ ಕೇಳಿದೆ. "ಎಂತ ಹೆಣ್ಣೇ, ಹಾಡ್ ಮರ್ತ್ ಹೋಯ್ತಾ?"

"ಇಲ್ಲೆ ಗುಡ್ಡಣ್ಣ. ಕಡೇ ಸಾಲ್ ಸುರುವಿಗ್ ಕಲಿತೆ, ಮತ್ತ್ ಅದ್ರ ಹಿಂದಿನ ಸಾಲ್. ಹಾಂಗ್ ಮಾಡ್ರೆ ಮುಂದ್ ಹೋಪುದೆಲ್ಲ ಗೊತ್ತಿಪ್ಪ ಜಾಗಕ್ಕೇ ಹೋದಂಗ್ ಆತ್ತ್."

"ಮತ್ತ್ ಈ ಓಟ ಎಂತಕ್ಕೆ?"

"ಅಲ್ಲಿ ಎದಿ ಹೀಂಗೇ ಹೊಡ್ಕಂತ್ತ್ ಅಲ್ದಾ. ಈಗ್ಲೇ ರೂಢಿ ಮಾಡ್ಕಂತೆ."

ಹೆಮ್ಮಾಡಿಗೆ ಬಂದು ಇದನ್ನು ಅಭಿನಯಿಸಿ ತೋರಿಸಿದೆ. ಜಗಲಿಯ ಮೆಟ್ಟಿಲನ್ನು ಹತ್ತಿ ಇಳಿದು ಏದುಸಿರು ಬಿಟ್ಟೆ. ಪದ್ದು ಹೊಟ್ಟೆ ಹಿಡಿದು ನಕ್ಕ. "ಪಾಪ, ಅದ್ಕೆ ಹಾಡೇ ಬತ್ತಿಲ್ಲೆ," ಎಂದ. ಇಬ್ಬರೂ ಆ ದಿನ ಬಹಳ ಸಂತೋಷದಲ್ಲಿದ್ದೆವು.

ಪರೀಕ್ಷೆ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ, ದೇವಸ್ಥಾನದ ಸಭಾಭವನದಲ್ಲಿ. ಮೈಕು ಇಲ್ಲ. ಎದುರಿಗೆ ಮೊಕ್ತೇಸರರು, ಹತ್ತಿಪ್ಪತ್ತು ಊರವರು, ನಡುವೆ ಕೈಯಲ್ಲಿ ಪೆನ್ನು ಕಾಗದ ಹಿಡಿದ ಒಬ್ಬ ಮುದಿ ಪಿಟೀಲು ಮಾಸ್ತರರು. ನವ್ಯಶ್ರೀ ಮೊದಲು ನುಡಿಸಿದಳು, ಪಕ್ಕದಲ್ಲಿ ಅವಳ ಡೋಲಿನ ಹುಡುಗ. ಅವಳ ಪಲ್ಲವಿ ಪದ್ದುವಿನ ಪಲ್ಲವಿಯ ಕಾಲಧೂಳಿಗೂ ಸಾಟಿಯಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ. ಮೆಟ್ಟಿಲು ಓಡಿ ಇಳಿದವಳಂತೆ ಅವಳು ಏದುಸಿರು ಬಿಡುವುದು ನನ್ನ ಜಾಗದಿಂದಲೇ ಕಾಣುತ್ತಿತ್ತು. ಆದರೆ ಆ ಏದುಸಿರಿನಲ್ಲೇ ಚರಣಕ್ಕೆ ಹೋದಳು, ಹೋದಷ್ಟೂ ಉಸಿರು ಹದಕ್ಕೆ ಬಂತು, ಕೊನೆಯ ಸಾಲು ಮನೆಯ ಬಾಗಿಲು ತೆರೆದಷ್ಟು ಸಲೀಸಾಗಿ ಬಂತು. ಮುಗಿಸಿ, ನಮಸ್ಕರಿಸಿ, ಕೆಳಗಿಳಿದಳು.

ಆಮೇಲೆ ನಾವು. ಪದ್ದು ಪಲ್ಲವಿ ಎತ್ತಿದ. ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಪದ್ದುವಿನ ಮುಖ ಬೇರೆಯಾಗುತ್ತಿತ್ತು. ಮಕ್ಕಳ ಅಳು ಇಲ್ಲ, ಅಡುಗೆಯವರ ಪಾತ್ರೆಯ ಸದ್ದಿಲ್ಲ, ವಿಡಿಯೋದವರ ಕೂಗಿಲ್ಲ. ಇಪ್ಪತ್ತು ಜನ ಅವನ ವಾದ್ಯವನ್ನೇ ಕೇಳುತ್ತಿದ್ದರು, ಅವನಿಗೆ ಅದು ಹೊಸದು. ಅನುಪಲ್ಲವಿ ದಾಟಿತು. ಚರಣ, ಒಂದು, ಎರಡು. ಮೂರನೇ ಸಾಲಿನಲ್ಲಿ ಬೆರಳು ಎಡವಿತು. ಅವನು ಪಲ್ಲವಿಗೆ ವಾಪಸು ಹೋದ. ಬೇಕೆಂದು ಹೋದದ್ದಲ್ಲ, ದಿನಾ ಹೋಗುವ ಬೆರಳು ತಾನೇ ಹೋಯಿತು. ಮತ್ತೆ ಚರಣ, ಮತ್ತೆ ಮೂರನೇ ಸಾಲು, ಮತ್ತೆ ಪಲ್ಲವಿ. ಮೂರನೆಯ ಸಲ ಮಾಸ್ತರರು ಕೈಯೆತ್ತಿದರು.

"ಪಲ್ಲವಿ ಬಾಳ ಲಾಯ್ಕ್ ಇತ್ತ್. ಅದ್ ಸಾಕ್. ಈಗ ಚರಣದಿಂದ ಸುರು ಮಾಡಿ."

ಒಳ್ಳೆಯ ಮನುಷ್ಯ, ದಾರಿ ಬಿಟ್ಟುಕೊಟ್ಟರು. ಪದ್ದು ವಾದ್ಯವನ್ನು ಬಾಯಿಗೆ ಇಟ್ಟ. ಸ್ವರ ಬರಲಿಲ್ಲ. ನೋಡಿದರೆ ಅವನ ಬೆರಳುಗಳು ಓಡುತ್ತಿದ್ದವು, ಉಸಿರಿಲ್ಲದೆ, ಸದ್ದಿಲ್ಲದೆ. ಪಲ್ಲವಿಯಿಂದ ಶುರುಮಾಡಿ ಚರಣದವರೆಗೆ ಬೆರಳಿನಲ್ಲೇ ನಡೆದು ಬರುತ್ತಿದ್ದ. ಚರಣ ಎಲ್ಲಿದೆಯೆಂದು ಅವನಿಗೆ ಬೇರೆ ದಾರಿಯಿಂದ ಗೊತ್ತೇ ಇರಲಿಲ್ಲ. ಇಡೀ ಸಭೆ ಆ ಬೆರಳುಗಳನ್ನು ನೋಡುತ್ತಿತ್ತು. ಅರ್ಧದಲ್ಲಿ ಬೆರಳೂ ನಿಂತಿತು. ಅವನು ನನ್ನ ಕಡೆ ತಿರುಗಿ ಎಡಹುಬ್ಬು ಎತ್ತಿದ.

ಹೊಡೆಯಬಾರದು ಎಂದು ಗೊತ್ತಿತ್ತು. ಹೊಡೆದರೆ ಅವನ ಕೆಲಸದ ಜೊತೆ ನನ್ನದೂ ಹೋಗುತ್ತದೆ ಎಂದೂ ಗೊತ್ತಿತ್ತು. ಆದರೆ ಅವನನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ, ಅಷ್ಟು ಸಂಕಟವಾಯಿತು. ಗಟ್ಟಿಮೇಳ ಹೊಡೆದೆ. ಅವನು ಕಣ್ಣು ಮುಚ್ಚಿ ಮೇಲಿನ ಷಡ್ಜ ಹಿಡಿದ. ಉಲ್ಲಾಸ್ ಶೆಟ್ಟರು ಅಭ್ಯಾಸಬಲದಿಂದ ಎದ್ದು ನಿಂತು ಕೈಮುಗಿದರು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಅಕ್ಷತೆಗಾಗಿ ಅತ್ತಿತ್ತ ನೋಡಿದರು. ನಾವು ನಿಲ್ಲಿಸಿದ ಮೇಲೆ ಮಾಸ್ತರರು ಮೆಲ್ಲಗೆ ಕೇಳಿದರು.

"ಇಲ್ಲಿ ಯಾರ್ ಮದ್ವಿ?"

ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಂತಾಗ ಅವರು ಪದ್ದುವನ್ನು ಏನೂ ಕೇಳಲಿಲ್ಲ. ನನ್ನನ್ನು ನೋಡಿ, "ಎಷ್ಟ್ ವರ್ಷದ ಜೋಡಿ?" ಎಂದರು. ಇಪ್ಪತ್ತೆರಡು ಎಂದೆ. ಪೆನ್ನಿನ ಮುಚ್ಚಳ ಹಾಕಿದರು.

ಕೆಲಸ ನವ್ಯಶ್ರೀಗೂ ಅವಳ ಡೋಲಿನವನಿಗೂ ಆಯಿತು. ಅಲ್ಲೇ ಹೇಳಿದರು. ನಾವು ಬಸ್‌ಸ್ಟ್ಯಾಂಡಿಗೆ ಬಂದು ಸಿಮೆಂಟು ಕಟ್ಟೆಯ ಮೇಲೆ ಕೂತೆವು, ನಡುವೆ ಡೋಲು. ಪದ್ದು ನನ್ನನ್ನು ಬೈಯುತ್ತಾನೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಡೋಲಿನ ಮೇಲೆ ಕೈಯಿಟ್ಟ.

"ಸಮ ಹೊತ್ತಿಗ್ ಹೊಡ್ದೆ ಗುಡ್ಡ. ಮರ್ಯಾದಿ ಉಳ್ಸ್ದೆ."

ಕುಹಕ ಇದೆಯೇ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಅವನು ಮನಸಾರೆ ಹೇಳುತ್ತಿದ್ದ. ಆಗ ನನಗೆ ನನ್ನ ಮೇಲೆ ಬಂದಷ್ಟು ಹೇಸಿಗೆ ಅವನ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಬಂದಿರಲಿಲ್ಲ.

"ಇನ್ ನಾ ಹೊಡಿತಿಲ್ಲೆ, ಪದ್ದು," ಎಂದೆ. "ತಾಳಿ ಕಟ್ಟುವತ್ತಿಗ್ ಬಿಟ್ರೆ ಹೊಡಿತಿಲ್ಲೆ. ನೀ ಹುಬ್ಬ್ ಎತ್ರೂ ಹೊಡಿತಿಲ್ಲೆ."

ಒಂದು ಬಸ್ಸು ಬಂತು, ನಾವು ಹತ್ತಲಿಲ್ಲ. ಆಮೇಲೆ ಅವನು ವಾದ್ಯದ ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಶಾಲೆಯ ಮಕ್ಕಳು ಕೇಳುವ ದನಿಯಲ್ಲಿ ಕೇಳಿದ.

"ಹಾಂಗಾರೆ ಆ ಹಾಡ್ ಮುಗಿವುದ್ ಹ್ಯಾಂಗೆ? ಕಡೇಗೆ ಡೋಲಿಗ್ ಎಂತ ಬತ್ತ್? ಅದೊಂದ್ ಹೊಡ್ದ್ ತೋರ್ಸ್. ಆ ಹೆಣ್ಣ್ ಮಾಡ್ದಂಗೆ ಅಲ್ಲಿಂದ್ಲೇ ಹಿಂದ್ ಬಪ್ಪ."

ತೋರಿಸೋಣವೆಂದು ಡೋಲನ್ನು ಮುಂದಕ್ಕೆ ಎಳೆದು ಕೋಲು ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅವನು ಆ ಕೃತಿಯ ಕೊನೆಗೆ ಯಾವತ್ತೂ ಹೋದವನಲ್ಲ, ಹೌದು. ಅವನ ಪಕ್ಕದಲ್ಲಿ ಕೂತು ನಗುತ್ತಿದ್ದ ನಾನೂ ಹೋದವನಲ್ಲ. ಅಲ್ಲಿ ಏನು ಹೊಡೆಯಬೇಕೆಂದು ನನಗೆ ಗೊತ್ತಿರಲಿಲ್ಲ.