ಕ್ಯಾಚ್ ಹಿಡಿದ ಮೇಲೆ

ಅರಸೀಕೆರೆಯ ಆ ಕಾಲೇಜಿನಲ್ಲಿ ಬೇಸ್‌ಬಾಲ್ ತಂಡ ಹುಟ್ಟಿದ್ದು ಆಟದ ಮೇಲಿನ ಪ್ರೀತಿಯಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಬಡ್ಡಿಗೋ ವಾಲಿಬಾಲಿಗೋ ವಿಶ್ವವಿದ್ಯಾಲಯದ ತುಂಬ ತಂಡಗಳು, ಗೆಲ್ಲಬೇಕಾದರೆ ಬೆವರು ಸುರಿಸಬೇಕು. ಬೇಸ್‌ಬಾಲಿಗೆ ಬರುವ ಕಾಲೇಜುಗಳು ಬೆರಳೆಣಿಕೆಯಷ್ಟು. ಕಣ್ಣು ಮುಚ್ಚಿ ಒಂದೆರಡು ಪಂದ್ಯ ಗೆದ್ದರೆ ಫೈನಲ್, ಅಲ್ಲಿ ಸೋತರೂ ಸರ್ಟಿಫಿಕೇಟ್. ಈ ಜಾಣತನ ದೈಹಿಕ ಶಿಕ್ಷಣ ನಿರ್ದೇಶಕ ಇಂದ್ರೇಶ್ ಅವರದು. ತೆಂಗಿನಕಾಯಿ ಮಂಡಿಯ ಮನೆತನ, ಮಠದಲ್ಲಿ ಓಡಾಟ, ತಲೆಯ ಮೇಲೆ ಸದಾ ಕ್ರಿಕೆಟ್ ಟೋಪಿ. ತಂಡದ ಮುಖ್ಯ ಕೋಚ್ ಅವರೇ. ಬೇಸ್‌ಬಾಲಿನ ನಿಯಮ ಏನಾದರೂ ಕೇಳಿದರೆ ಮಾತ್ರ ಅವರಿಗೆ ಅದೇ ಹೊತ್ತಿಗೆ ಯಾರದೋ ಫೋನ್ ಬರುತ್ತಿತ್ತು.

ಆಟ ಗೊತ್ತಿರುವವರು ಒಬ್ಬರಾದರೂ ಬೇಕಲ್ಲ? ಅದಕ್ಕೆ ಸಹಾಯಕ ಕೋಚ್ ಅಂತ ಭಾಗ್ಯಳನ್ನು ತೆಗೆದುಕೊಂಡರು. ಭಾಗ್ಯ ಹಗರೆಯವಳು. ಓದುವಾಗ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದಲ್ಲಿ ಆಡಿದ್ದಳು, ಅದೂ ಬೇಸ್‌ಬಾಲಿನ ತಂಗಿಯಂಥ ಆಟವೇ, ಆಮೇಲೆ ಬಿ.ಪಿ.ಎಡ್. ಮಾಡಿದ್ದಳು. ಅಪ್ಪ ಶಿವಯ್ಯ ಬೇಲೂರಿನಲ್ಲಿ ಸರ್ಕಾರಿ ಗುಮಾಸ್ತ. ಸಂದರ್ಶನದ ದಿನ ಕಾಲೇಜಿನ ಕಾರ್ಯದರ್ಶಿ ಶಿವಪ್ರಕಾಶ್ ಆಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಹಗರೇಲಿ ಯಾವ ಬೀದಿಯಮ್ಮ?" ಅಂದರು. ಅವಳು ಹೇಳಿದಳು. "ಓ, ಸರಿ ಸರಿ," ಅಂದು ಕುಡಿಯುತ್ತಿದ್ದ ಕಾಫಿಯ ಕಡೆ ತಿರುಗಿದರು. ಆಮೇಲೆ, "ಈಗ ತಾತ್ಕಾಲಿಕವಾಗಿ ಸೇರ್ಕೊಳ್ಳಿ. ತಂಡ ಗೆದ್ದು, ಇಂದ್ರೇಶ್ ನಿಮ್ಮ ಬಗ್ಗೆ ಒಳ್ಳೆ ಮಾತು ಹೇಳಿದ್ರೆ ಮುಂದಿನ ವರ್ಷ ಕಾಯಂ ಮಾಡೋಣ," ಅಂದರು.

ಕಾಯಂ! ಆ ಒಂದು ಮಾತು ಭಾಗ್ಯಳ ಬಾಯಿಗೆ ಬೀಗ ಜಡಿಯಿತು. ಬೀಗದ ಕೈ ಇಂದ್ರೇಶ್ ಅವರ ಜೇಬಿನಲ್ಲಿ.

ಮನೆಯಲ್ಲೂ ಅದೇ ಪಾಠ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅವ್ವ ದೇವೀರಮ್ಮ ಬುತ್ತಿ ಕೈಗಿಟ್ಟು, "ಕಾಯಂ ಆಗೋಗಂಟ ನಾಲ್ಗೆ ಬಿಗಿ ಹಿಡ್ಕ ಕಣವ್ವ. ನಿಮ್ಮಪ್ಪ ಹಂಗೇ ನೌಕ್ರಿ ಉಳಿಸ್ಕಂಡಿರೋದು," ಅನ್ನುತ್ತಿದ್ದಳು. ಹಗರೆಯಿಂದ ಹಳೇಬೀಡು, ಅಲ್ಲಿ ಬಸ್ ಬದಲಿಸಿ ಜಾವಗಲ್ ಮೇಲೆ ಅರಸೀಕೆರೆ. ದಾರಿಯುದ್ದಕ್ಕೂ ಭಾಗ್ಯ ಕಿಟಕಿಗೆ ತಲೆ ಕೊಟ್ಟು ಯಾವ ಹುಡುಗನನ್ನು ಎಲ್ಲಿ ನಿಲ್ಲಿಸುವುದು ಅಂತ ಲೆಕ್ಕ ಹಾಕುತ್ತಿದ್ದಳು.

ಹುಡುಗರೋ, ತೊಟ್ಟಿಲಲ್ಲೇ ಕ್ರಿಕೆಟ್ ಕಲಿತವರು. ಚೆಂಡು ಹೊಡೆದು ಬ್ಯಾಟ್ ಹಿಡಿದುಕೊಂಡೇ ಓಡುತ್ತಿದ್ದರು. "ಬ್ಯಾಟ್ ಬಿಸಾಕಿ ಓಡ್ರೋ! ಅದೇನು ನಿಮ್ಮಜ್ಜ ಬರೆದುಕೊಟ್ಟ ಆಸ್ತಿನಾ?" ಅಂತ ಅವಳು ಮೈದಾನದ ತುಂಬ ಕೂಗಿ ಕೂಗಿ ಗಂಟಲು ಒಡೆದುಕೊಂಡಳು. ಚಟ ಒಂದೊಂದಾಗಿ ಬಿಟ್ಟಿತು. ಹಾರನಹಳ್ಳಿಯ ಚನ್ನೇಶ್ ಅಂತೂ ಅವಳ ಕಣ್ಮಣಿ. ತೋಟದಲ್ಲಿ ಕೋತಿಗಳಿಗೆ ಕಲ್ಲು ಬೀರಿ ಗಟ್ಟಿಯಾದ ಕೈ, ದೂರದಿಂದ ಎಸೆದರೂ ಚೆಂಡು ನೇರ ಕೈಗೇ ಬಂದು ಬೀಳುತ್ತಿತ್ತು. ಈ ಹುಡುಗರು ಗೆಲ್ಲುತ್ತಾರೆ ಅಂತ ಅವಳಿಗೆ ನಿಜವಾಗಿಯೂ ಅನ್ನಿಸಿತು.

ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅಭ್ಯಾಸ ಮುಗಿಯುವ ಹೊತ್ತಿಗೆ ಸರಿಯಾಗಿ ಇಂದ್ರೇಶ್ ಬರುತ್ತಿದ್ದರು. ಕ್ರಿಕೆಟ್ ಬ್ಯಾಟ್ ಹಿಡಿದು ಚೆಂಡನ್ನು ಆಕಾಶಕ್ಕೆ ಎತ್ತುತ್ತಿದ್ದರು. ಹಿಡಿದ ಹುಡುಗ ಅದನ್ನು ಮೇಲಕ್ಕೆ ಚಿಮ್ಮಿ, ಎರಡೂ ಕೈ ಚಾಚಿ ಮೈದಾನ ಸುತ್ತಬೇಕು. ಯಾರ ಕುಣಿತ ಜೋರೋ ಅವನಿಗೆ ಎಳನೀರು. ಹುಡುಗರಿಗೆ ದಿನವಿಡೀ ಅದೇ ಧ್ಯಾನ.

ಇದು ಮುಳುವಾಗುತ್ತದೆ ಅಂತ ಭಾಗ್ಯಳಿಗೆ ಗೊತ್ತಿತ್ತು. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿದರೆ ಅಲ್ಲಿಗೆ ಮುಗಿಯಿತು. ಬೇಸ್‌ಬಾಲಿನಲ್ಲಿ ಹೊಡೆದವನು ಔಟಾದರೂ ಆಟ ನಿಲ್ಲುವುದಿಲ್ಲ. ಮೂರನೇ ಬೇಸಿನಲ್ಲಿ ನಿಂತ ಅವನ ತಂಡದವನು ಕ್ಯಾಚ್ ಆದ ಮರುಕ್ಷಣ ಅಲ್ಲಿಂದ ಹೊರಟು ಮನೆ, ಅಂದರೆ ಚೆಂಡು ಹೊಡೆಯುವ ಜಾಗದ ಹೋಮ್ ಬೇಸ್, ಮುಟ್ಟಿದರೆ ರನ್ನು ರನ್ನೇ. ಹಿಡಿದವನು ಕೂಡಲೇ ಹೋಮಿಗೆ ಎಸೆಯಬೇಕು, ಕುಣಿಯುತ್ತ ನಿಂತರೆ ಕೆಟ್ಟ.

ಒಂದು ಸಂಜೆ ಧೈರ್ಯ ಮಾಡಿ, "ಸಾರ್, ಬೇಸ್‌ಬಾಲಲ್ಲಿ ಕ್ಯಾಚ್ ಹಿಡಿದ್ಮೇಲೆ..." ಅಂತ ಶುರುಮಾಡಿದಳು.

"ಏನ್ ಮೇಡಂ, ಹುಡುಗ್ರು ನಗೋದೂ ನಿಮ್ಮ ರೂಲ್ಸಲ್ಲಿ ತಪ್ಪಾ?" ಅಂದರು ಇಂದ್ರೇಶ್. ಹುಡುಗರು ಹೋ ಅಂತ ನಕ್ಕರು. ಭಾಗ್ಯಳೂ ನಕ್ಕಳು. ಆ ನಗುವಿಗೆ ಅವಳು ಇವತ್ತಿಗೂ ತನ್ನನ್ನು ತಾನು ಬೈದುಕೊಳ್ಳುತ್ತಾಳೆ.

ಅವರು ಹೋದ ಮೇಲೆ ಹುಡುಗರಿಗಾದರೂ ಹೇಳಬಹುದಿತ್ತು. ಆದರೆ ಕಾಲೇಜು ಅಂದರೆ ಕಿವಿಗಳ ಸಂತೆ. 'ಸಾರ್ ಹೇಳ್ಕೊಟ್ಟಿದ್ದು ತಪ್ಪಂತೆ, ಮೇಡಂ ಹೇಳಿದ್ರು' ಅನ್ನುವ ಮಾತು ಊಟದ ಹೊತ್ತಿಗೆ ಇಂದ್ರೇಶ್ ಅವರ ಮೇಜಿಗೆ ಮುಟ್ಟುತ್ತಿತ್ತು. ಇವತ್ತು ಬೇಡ, ನಾಳೆ ಸಮಯ ನೋಡಿ ಹೇಳೋಣ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಫೈನಲ್ ಬಂದುಬಿಟ್ಟಿತು.

ಹಾಸನದ ಮೈದಾನ. ಎರಡೂ ಕಡೆ ರನ್ನು ಸಮ. ಕೊನೆಯ ಸರದಿಯಲ್ಲಿ ಎದುರಾಳಿಗಳ ಬ್ಯಾಟಿಂಗ್, ಒಬ್ಬ ಔಟಾಗಿದ್ದ, ಮೂರನೇ ಬೇಸಿನಲ್ಲಿ ಒಬ್ಬ ತುದಿಗಾಲಲ್ಲಿ ನಿಂತಿದ್ದ. ಹೊಡೆತ ಎತ್ತರಕ್ಕೆ ಹೋಯಿತು. ಚನ್ನೇಶ್ ಹಿಂದೆ ಹಿಂದೆ ಓಡಿ, ಬೀಳುತ್ತ ಬೀಳುತ್ತ ಹಿಡಿದ. ಅಂಥ ಕ್ಯಾಚ್ ಆ ದಿನ ಇನ್ನೊಂದಾಗಿರಲಿಲ್ಲ.

"ಸೂಪರ್ ಕಣೋ ಚನ್ನಾ!" ಅಂತ ಇಂದ್ರೇಶ್ ಟೋಪಿ ಹಾರಿಸಿ ಕುಣಿದರು. ಚನ್ನೇಶ್ ಚೆಂಡನ್ನು ಆಕಾಶಕ್ಕೆ ಚಿಮ್ಮಿ ಎರಡೂ ಕೈ ಚಾಚಿದ. ಉಳಿದವರೆಲ್ಲ ಅವನ ಕಡೆ ಓಡಿದರು. "ಹೋಮಿಗೆ ಎಸಿಯೋ! ಹೋಮಿಗೆ!" ಅಂತ ಭಾಗ್ಯ ಕಿರುಚಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಮೂರನೇ ಬೇಸಿನವನು ಓಡಿ ಬಂದು ಮನೆ ಮುಟ್ಟಿದ. ಅಂಪೈರ್ ಎರಡೂ ಕೈ ಅಗಲಿಸಿ ಸೇಫ್ ಅಂದ. ಪಂದ್ಯ ಮುಗಿಯಿತು.

ಚನ್ನೇಶ್ ಏನೂ ಅರ್ಥವಾಗದೆ ಅವಳ ಹತ್ತಿರ ಬಂದ. "ಹಿಡಿದ್ನಲ್ಲ ಮೇಡಂ? ಔಟಲ್ವಾ?" ಅಂದ. ಭಾಗ್ಯ ಬಗ್ಗಿ ಬ್ಯಾಟುಗಳನ್ನು ಚೀಲಕ್ಕೆ ತುಂಬತೊಡಗಿದಳು.

ಮಾರನೆಯ ದಿನ ಕಾರ್ಯದರ್ಶಿಯ ಕೋಣೆಯಲ್ಲಿ ಇಂದ್ರೇಶ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಮೊದಲನೇ ಪಾಠಾನೇ ಹೇಳ್ಕೊಟ್ಟಿಲ್ಲ ಸಾರ್. ಪಾಪ, ಹೆಣ್ಮಗಳು, ಹುಡುಗ್ರನ್ನ ಹತೋಟಿಗೆ ತರೋಕಾಗಿಲ್ಲ," ಅಂದರು. ಆ 'ಪಾಪ' ಕೇಳಿ ಭಾಗ್ಯಳಿಗೆ ಮೈಯೆಲ್ಲ ಉರಿಯಿತು. ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. ದಿನಾ ಸಂಜೆಯ ಕುಣಿತ, ಎಳನೀರು, ತಾನು ಹೇಳಹೋದದ್ದು, ಅವರು ನಕ್ಕದ್ದು, ಎಲ್ಲ ಹೇಳಿದಳು. ಇಂದ್ರೇಶ್ ಫೋನ್ ತೆಗೆದು ನೋಡತೊಡಗಿದರು.

ಶಿವಪ್ರಕಾಶ್ ತಾಳ್ಮೆಯಿಂದ ಪೂರ್ತಿ ಕೇಳಿದರು. "ಹಂಗಾದ್ರೆ ಇದು ತಪ್ಪು ಅಂತ ನಿಮಗೆ ಮೊದ್ಲೇ ಗೊತ್ತಿತ್ತು?"

"ಗೊತ್ತಿತ್ತು ಸಾರ್."

"ಗೊತ್ತಿದ್ದೂ ಹುಡುಗ್ರಿಗೆ ಹೇಳ್ಲಿಲ್ಲ ಅಂದ್ರೆ ನೀವೆಂಥ ಕೋಚಮ್ಮ?"

ಅವಳನ್ನು ಸಾಗಹಾಕಲು ಶಿವಪ್ರಕಾಶ್ ಅವರಿಗೊಂದು ನೆಪ ಬೇಕಿತ್ತು, ಅವಳೇ ಕೈಗೆ ಕೊಟ್ಟಳು. ಆ ಜಾಗಕ್ಕೆ ಅವರ ಷಡ್ಡಕನ ಮಗ ಬಂದ. ಇಂದ್ರೇಶ್ ಈಗಲೂ ಮುಖ್ಯ ಕೋಚ್. ಭಾಗ್ಯ ಹಳೇಬೀಡಿನ ಒಂದು ಚಿಕ್ಕ ಶಾಲೆಯಲ್ಲಿ ಮಕ್ಕಳಿಗೆ ಖೋಖೋ ಆಡಿಸುತ್ತಾಳೆ. ಇಂದ್ರೇಶ್, ಶಿವಪ್ರಕಾಶ್ ಇಬ್ಬರ ಮೇಲೂ ಅವಳಿಗೆ ಬೆಟ್ಟದಷ್ಟು ಸಿಟ್ಟಿದೆ. ನ್ಯಾಯವಾದ ಸಿಟ್ಟು, ಅದರಿಂದ ನಿದ್ದೆಯೇನೂ ಕೆಡುವುದಿಲ್ಲ.

ಕೆಡಿಸುವುದು ಬೇರೆ. ಮೊನ್ನೆ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಚನ್ನೇಶ್ ಸಿಕ್ಕಿದ. ಆಟ ಬಿಟ್ಟಿದ್ದಾನೆ, ಊರಲ್ಲಿ ಎಲ್ಲರೂ ಇನ್ನೂ ಅಣಕಿಸುತ್ತಾರಂತೆ. ಮುಖ ಎತ್ತದೆ, "ನನ್ನಿಂದ ನಿಮ್ ಕೆಲ್ಸ ಹೋಯ್ತಲ್ಲ ಮೇಡಂ," ಅಂದ.

ಇಲ್ಲ ಕಣೋ, ನನ್ನ ಕೆಲಸಕ್ಕೋಸ್ಕರ ನಿನ್ನನ್ನ ಬಲಿ ಕೊಟ್ಟೆ ಅನ್ನಬೇಕಿತ್ತು. ಈಗ ಹೆದರಲು ಯಾವ ಇಂದ್ರೇಶೂ ಇರಲಿಲ್ಲ, ಯಾವ ಕಾಯಂ ಆಸೆಯೂ ಇರಲಿಲ್ಲ.

"ಇರ್ಲಿ ಬಿಡೋ, ಆಟದಲ್ಲಿ ತಪ್ಪಾಗುತ್ತೆ," ಅಂದು ಭಾಗ್ಯ ಬಸ್ ಹತ್ತಿದಳು.